ಆಕಾಶದಿಂದ ಬಿದ್ದ ಕಲ್ಲಿನ ಊರು ಯಾವುದು? ವೆಸ್ಟಾದ ಕಥೆ

ಲಾಲ್‌ಬಾಗ್‌ನ ಬಂಡೆ ಹತ್ತದ ಬೆಂಗಳೂರಿಗರು ಕಡಿಮೆ. ಕೆಂಪೇಗೌಡರ ಗೋಪುರ ನಿಂತಿರುವ ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಭೂಮಿಯ ಮೇಲೆ ನಾವು ಕಾಲಿಟ್ಟು ನಿಲ್ಲಬಹುದಾದ ತುಂಬಾ ಹಳೆಯ ಕಲ್ಲುಗಳಲ್ಲಿ ಅದೂ ಒಂದು. ಆದರೆ 1996ರ ಜೂನ್ 20ರ ರಾತ್ರಿ ರಾಜಸ್ಥಾನದ ಪಾಲಿ ಜಿಲ್ಲೆಯ ಪಿಪ್ಲಿಯಾ ಕಲಾನ್ ಎಂಬ ಹಳ್ಳಿಯಲ್ಲಿ ಒಂದು ಉಲ್ಕಾಶಿಲೆ ಬಿತ್ತು. ಸಿಕ್ಕಿದ್ದು ಸುಮಾರು 42 ಕಿಲೋ. ಅದು ಲಾಲ್‌ಬಾಗ್ ಬಂಡೆಗಿಂತ ಸುಮಾರು 150 ಕೋಟಿ ವರ್ಷ ಹಿರಿಯದು.

ವಯಸ್ಸಿಗಿಂತ ದೊಡ್ಡ ಅಚ್ಚರಿ ಅದರ ಜಾತಿಯಲ್ಲಿದೆ. ಅದು ಬಸಾಲ್ಟ್. ಅಂದರೆ ಲಾವಾ ಹರಿದು, ತಣ್ಣಗಾಗಿ ಗಟ್ಟಿಯಾದ ಕಲ್ಲು. ವಿಜಯಪುರದ ಗೋಲಗುಮ್ಮಟ ಕಟ್ಟಿರುವುದೂ ಬಸಾಲ್ಟ್‌ನಿಂದಲೇ. ಆದರೆ ಗೋಲಗುಮ್ಮಟದ ಕಲ್ಲು ದಖ್ಖನ್ ಪ್ರಸ್ಥಭೂಮಿಯ ಲಾವಾದಿಂದ, ಸುಮಾರು 6.6 ಕೋಟಿ ವರ್ಷದ ಹಿಂದೆ ಹುಟ್ಟಿದ್ದು. ಪಿಪ್ಲಿಯಾ ಕಲಾನ್‌ನ ಕಲ್ಲಿನ ಲಾವಾ ಹರಿದದ್ದು ಭೂಮಿಯ ಮೇಲಲ್ಲ. ಚಂದ್ರನ ಮೇಲೂ ಅಲ್ಲ, ಮಂಗಳನ ಮೇಲೂ ಅಲ್ಲ. ಅದರ ಊರು ವೆಸ್ಟಾ ಎಂದು ವಿಜ್ಞಾನಿಗಳು ಹೇಳುತ್ತಾರೆ. ಮಂಗಳ ಮತ್ತು ಗುರು ಗ್ರಹಗಳ ನಡುವಿನ ಕ್ಷುದ್ರಗ್ರಹ ಪಟ್ಟಿಯಲ್ಲಿ ಸುತ್ತುತ್ತಿರುವ ಒಂದು ಭಾರೀ ಕ್ಷುದ್ರಗ್ರಹ ಅದು.

ಇದನ್ನು ನಮ್ಮ ಬೀದಿಯ ಹೈಸ್ಕೂಲ್ ಹುಡುಗಿಯೊಬ್ಬಳಿಗೆ ಹೇಳಿದಾಗ ಅವಳು ಥಟ್ಟನೆ ಕೇಳಿದಳು: "ಅಂಕಲ್, ಕಲ್ಲಿನ ಮೇಲೆ ಅಡ್ರೆಸ್ ಬರೆದಿರುತ್ತಾ?" ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಕೋಟ್ಯಂತರ ಕಿಲೋಮೀಟರ್ ದೂರದ ಒಂದು ಬಂಡೆಯಿಂದಲೇ ಈ ಕಲ್ಲು ಬಂದಿದೆ ಅಂತ ಹೇಳಲು ಏನು ಆಧಾರ? ಬರೀ ಊಹೆಯೋ, ಸಾಕ್ಷಿ ಇದೆಯೋ? ಈ ಬರಹ ಪೂರ್ತಿ ಆ ಪ್ರಶ್ನೆಗೇ ಉತ್ತರ.

ಮೊದಲು ವೆಸ್ಟಾದ ಪರಿಚಯ ಆಗಲಿ.

1801ರ ಜನವರಿ 1ರಂದು ಇಟಲಿಯ ಪಲೆರ್ಮೊದಲ್ಲಿ ಜುಸೆಪ್ಪೆ ಪಿಯಾಟ್ಸಿ ಸೀರೀಸ್ ಎಂಬ ಹೊಸ ಕಾಯವನ್ನು ಕಂಡರು. ಮುಂದಿನ ವರ್ಷ ಪ್ಯಾಲಸ್, 1804ರಲ್ಲಿ ಜೂನೋ ಸಿಕ್ಕವು. ಜರ್ಮನಿಯ ಬ್ರೆಮೆನ್‌ನ ವೈದ್ಯ ಹೈನ್ರಿಕ್ ಓಲ್ಬರ್ಸ್ ಇವನ್ನು ನೋಡಿ ಒಂದು ಊಹೆ ಮಾಡಿದರು. ಹಿಂದೆ ಇಲ್ಲೊಂದು ದೊಡ್ಡ ಗ್ರಹ ಇದ್ದು ಒಡೆದುಹೋಗಿರಬೇಕು, ಇವೆಲ್ಲ ಅದರ ಚೂರುಗಳು, ಹಾಗಿದ್ದರೆ ಇನ್ನೂ ಚೂರುಗಳು ಸಿಗಬೇಕು ಎಂದು. ಹುಡುಕುತ್ತಾ ಹೋದ ಅವರಿಗೆ 1807ರ ಮಾರ್ಚ್ 29ರಂದು ನಾಲ್ಕನೆಯದು ಸಿಕ್ಕಿತು. ಪ್ರಸಿದ್ಧ ಗಣಿತಜ್ಞ ಗೌಸ್ ಅದಕ್ಕೆ ರೋಮನ್ನರ ಒಲೆಯ ದೇವತೆ ವೆಸ್ಟಾಳ ಹೆಸರಿಟ್ಟರು. ಓಲ್ಬರ್ಸ್ ಊಹೆ ಮಾತ್ರ ಬಿದ್ದುಹೋಯಿತು. ಕ್ಷುದ್ರಗ್ರಹ ಪಟ್ಟಿಯಲ್ಲಿರುವ ಎಲ್ಲ ಕಾಯಗಳನ್ನೂ ಗುಡ್ಡೆ ಹಾಕಿದರೂ ನಮ್ಮ ಚಂದ್ರನ ತೂಕದ ನೂರರಲ್ಲಿ ಸುಮಾರು ಮೂರು ಪಾಲು ಅಷ್ಟೇ. ಗ್ರಹ ಆಗುವಷ್ಟು ಸಾಮಾನು ಈಗ ಅಲ್ಲಿಲ್ಲ. ಪಕ್ಕದಲ್ಲಿರುವ ಗುರುವಿನ ಸೆಳೆತ ಅಲ್ಲಿನ ಕಲ್ಲುಗಳನ್ನು ಒಟ್ಟಿಗೆ ಸೇರಲು ಬಿಡಲಿಲ್ಲ ಎನ್ನುವುದು ಈಗಿನ ತಿಳಿವಳಿಕೆ.

ಇರುವ ಅಷ್ಟು ತೂಕದಲ್ಲಿ ನೂರರಲ್ಲಿ ಸುಮಾರು ಹತ್ತು ಪಾಲು ವೆಸ್ಟಾ ಒಂದರದ್ದೇ. ಸೀರೀಸ್ ಇನ್ನೂ ದೊಡ್ಡದು. ಆದರೆ ಅದನ್ನು 2006ರಲ್ಲಿ ಕುಬ್ಜ ಗ್ರಹ ಎಂದು ಬೇರೆ ಮಾಡಿದರು. ವೆಸ್ಟಾ ಪೂರ್ತಿ ದುಂಡಗಿಲ್ಲ. ಅದರ ಅಳತೆ ಸುಮಾರು 573, 557 ಮತ್ತು 446 ಕಿಲೋಮೀಟರ್. ಬೆಂಗಳೂರಿನಿಂದ ಬೀದರ್‌ಗೆ ನೇರ ಗೆರೆ ಎಳೆದರೆ ಸುಮಾರು 550 ಕಿಲೋಮೀಟರ್ ಆಗುತ್ತದೆ. ವೆಸ್ಟಾದ ಅಗಲ ಹೆಚ್ಚುಕಮ್ಮಿ ಅಷ್ಟು. ಅದರ ಮೇಲ್ಮೈಯನ್ನು ಬಿಡಿಸಿ ಹಾಸಿದರೆ ನಾಲ್ಕು ಕರ್ನಾಟಕಗಳಿಗಿಂತ ಜಾಸ್ತಿ ಜಾಗ. ಅಲ್ಲಿ ಒಂದು ದಿನ ಅಂದರೆ 5 ಗಂಟೆ 20 ನಿಮಿಷ. ಒಂದು ವರ್ಷ ಅಂದರೆ ನಮ್ಮ 3 ವರ್ಷ 7 ತಿಂಗಳಿಗಿಂತ ಸ್ವಲ್ಪ ಹೆಚ್ಚು. ಇಲ್ಲಿ 60 ಕಿಲೋ ತೂಗುವವರು ಅಲ್ಲಿ ಒಂದೂವರೆ ಕಿಲೋ ತೂಗುತ್ತಾರೆ.

ಇನ್ನೊಂದು ವಿಶೇಷ ಇದೆ, ಮುಂದಿನ ಕಥೆಗೆ ಅದು ಬೇಕು. ವೆಸ್ಟಾ ತುಂಬಾ ಹೊಳೆಯುತ್ತದೆ. ತನ್ನ ಮೇಲೆ ಬಿದ್ದ ಬೆಳಕಿನ ನೂರರಲ್ಲಿ ಸುಮಾರು 40 ಪಾಲನ್ನು ಅದು ವಾಪಸ್ ಕಳಿಸುತ್ತದೆ. ಸೀರೀಸ್ ವಾಪಸ್ ಕಳಿಸುವುದು 9 ಪಾಲು ಮಾತ್ರ. ಹಾಗಾಗಿ ಭೂಮಿಯಿಂದ ನೋಡುವವರಿಗೆ ಕ್ಷುದ್ರಗ್ರಹಗಳಲ್ಲೆಲ್ಲ ಪ್ರಕಾಶಮಾನವಾದದ್ದು ವೆಸ್ಟಾ. ಸುಮಾರು 16–17 ತಿಂಗಳಿಗೊಮ್ಮೆ ಅದು ಸೂರ್ಯನಿಗೆ ಎದುರು ದಿಕ್ಕಿನಲ್ಲಿ, ನಮಗೆ ಹತ್ತಿರದಲ್ಲಿ ಬರುತ್ತದೆ. ಆಗ ಒಳ್ಳೆಯ ಕತ್ತಲಿರುವ ಊರಲ್ಲಿ ಬರಿಗಣ್ಣಿಗೂ ಕಂಡೀತು. ಬೆಂಗಳೂರಿನ ಬೀದಿದೀಪಗಳ ಕೆಳಗೆ ಆ ಆಸೆ ಬೇಡ. ಆದರೆ ಸಾಧಾರಣ ಬೈನಾಕ್ಯುಲರ್ ಇದ್ದರೆ ಮನೆಯ ಟೆರೇಸ್ ಸಾಕು. ಅದು ನಕ್ಷತ್ರದ ಹಾಗೆ ಒಂದು ಚುಕ್ಕಿ, ಅಷ್ಟೇ. ಅದೇ ವೆಸ್ಟಾ ಎಂದು ಗೊತ್ತಾಗಬೇಕಾದರೆ ಎರಡು ಮೂರು ರಾತ್ರಿ ಅದೇ ಜಾಗ ನೋಡಿ ಚುಕ್ಕಿಗಳನ್ನು ಕಾಗದದ ಮೇಲೆ ಗುರುತು ಹಾಕಿಕೊಳ್ಳಬೇಕು. ನಕ್ಷತ್ರಗಳು ನಿಂತಲ್ಲೇ ಇರುತ್ತವೆ, ಒಂದು ಚುಕ್ಕಿ ಮಾತ್ರ ಜಾಗ ಬದಲಿಸಿರುತ್ತದೆ. ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ಕಾವಲೂರು ವೀಕ್ಷಣಾಲಯದಲ್ಲಿ 1988ರಲ್ಲಿ ಆರ್. ರಾಜಮೋಹನ್ ಅವರು ಒಂದು ಹೊಸ ಕ್ಷುದ್ರಗ್ರಹ ಕಂಡರು. ಅದಕ್ಕೆ ಈಗ ಗಣಿತಜ್ಞ ರಾಮಾನುಜನ್ ಹೆಸರಿದೆ. ಉಪಕರಣ ದೊಡ್ಡದು, ಫೋಟೋ ತೆಗೆದು ಹೋಲಿಸಬೇಕು, ಆದರೆ ಅಲ್ಲೂ ಹುಡುಕುವುದು ಜಾಗ ಬದಲಿಸುವ ಚುಕ್ಕಿಯನ್ನೇ.

ಈಗ ಅಡ್ರೆಸ್‌ನ ವಿಷಯಕ್ಕೆ ಬರೋಣ.

ಭೂಮಿಗೆ ಬೀಳುವ ಉಲ್ಕಾಶಿಲೆಗಳಲ್ಲಿ ಹೆಚ್ಚಿನವು ಯಾವತ್ತೂ ಕರಗದ ಕಲ್ಲುಗಳು. ಸೌರವ್ಯೂಹ ಹುಟ್ಟಿದಾಗಿನ ಸಣ್ಣ ಸಣ್ಣ ಉಂಡೆಗಳು ಅವುಗಳೊಳಗೆ ಹಾಗೇ ಉಳಿದಿವೆ. ಆದರೆ ಬೀಳುವ ನೂರರಲ್ಲಿ ಐದಾರು ಕಲ್ಲುಗಳು ಬೇರೆ ಥರ. ಅವು ಕರಗಿ ಗಟ್ಟಿಯಾದವು. ಇವುಗಳಲ್ಲಿ ಮೂರು ಬಗೆ. ಮೇಲಕ್ಕೆ ಉಕ್ಕಿದ ಲಾವಾದಿಂದ ಆದವು ಯೂಕ್ರೈಟ್. ಆಳದಲ್ಲಿ ನಿಧಾನವಾಗಿ ತಣ್ಣಗಾಗಿ ದಪ್ಪ ಹರಳುಗಳಾದವು ಡಯೋಜೆನೈಟ್. ಈ ಎರಡೂ ಪುಡಿಯಾಗಿ, ಬೆರೆತು, ಮತ್ತೆ ಗಟ್ಟಿಯಾದವು ಹೊವಾರ್ಡೈಟ್. ನಮ್ಮ ದೇಶದ ಅದೃಷ್ಟ ನೋಡಿ, ಮೂರೂ ಬಗೆಯ ಕಲ್ಲುಗಳು ಇಲ್ಲಿ ಬಿದ್ದಿವೆ. ಪಿಪ್ಲಿಯಾ ಕಲಾನ್ ಒಂದು ಯೂಕ್ರೈಟ್. ಬಂಗಾಳದ ಶಾಲ್ಕಾದಲ್ಲಿ 1850ರಲ್ಲಿ ಬಿದ್ದದ್ದು ಡಯೋಜೆನೈಟ್. ರಾಜಸ್ಥಾನದ ಲೋಹಾವಟ್‌ನಲ್ಲಿ 1994ರಲ್ಲಿ ಬಿದ್ದದ್ದು ಹೊವಾರ್ಡೈಟ್.

ಈ ಮೂರೂ ಒಂದೇ ಮನೆಯವು ಎಂದು ಹೇಗೆ ಗೊತ್ತು? ಅವುಗಳೊಳಗಿನ ಆಮ್ಲಜನಕದಿಂದ. ಕಲ್ಲಿನಲ್ಲಿ ಎಂಥ ಆಮ್ಲಜನಕ ಅನ್ನಬೇಡಿ, ಕಲ್ಲಿನ ಖನಿಜಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವ ಪರಮಾಣುವೇ ಆಮ್ಲಜನಕ. ಅದರಲ್ಲಿ ತೂಕ ಬೇರೆ ಬೇರೆ ಇರುವ ಮೂರು ಬಗೆ ಇವೆ: 16, 17, 18. ಸೌರವ್ಯೂಹದ ಬೇರೆ ಬೇರೆ ಕಾಯಗಳಲ್ಲಿ ಈ ಮೂರರ ಪ್ರಮಾಣ ಸೂಕ್ಷ್ಮವಾಗಿ ಬೇರೆಯಾಗಿರುತ್ತದೆ. ಭೂಮಿಯ ಕಲ್ಲುಗಳಿಗೆ ಒಂದು ಪ್ರಮಾಣ, ಮಂಗಳದವಕ್ಕೆ ಇನ್ನೊಂದು. ಯೂಕ್ರೈಟ್, ಡಯೋಜೆನೈಟ್, ಹೊವಾರ್ಡೈಟ್‌ಗಳಲ್ಲಿ ಹೆಚ್ಚಿನವು ಒಂದೇ ಪ್ರಮಾಣಕ್ಕೆ ಕೂರುತ್ತವೆ. ಅದು ಭೂಮಿಯದ್ದೂ ಅಲ್ಲ, ಮಂಗಳದ್ದೂ ಅಲ್ಲ. ಅಂದಮೇಲೆ ಇವುಗಳ ತಾಯಿ ಒಬ್ಬಳೇ, ಅವಳು ಬೇರೆಲ್ಲೋ ಇದ್ದಾಳೆ. ಯಾರು ಅವಳು?

1970ರಲ್ಲಿ ಅಮೆರಿಕದ ಮೂವರು ವಿಜ್ಞಾನಿಗಳು ಉತ್ತರದ ಮೊದಲ ತುಂಡು ಕೊಟ್ಟರು. ಥಾಮಸ್ ಮೆಕ್‌ಕಾರ್ಡ್, ಜಾನ್ ಆಡಮ್ಸ್, ಟೊರೆನ್ಸ್ ಜಾನ್ಸನ್. ಅವರು ಮಾಡಿದ್ದು ವೆಸ್ಟಾದಿಂದ ಬರುವ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಅಳೆಯುವ ಕೆಲಸ. ಒಂದೊಂದು ಖನಿಜವೂ ಬೆಳಕಿನ ಕೆಲವು ಬಣ್ಣಗಳನ್ನು ಹೀರಿಕೊಂಡು ಉಳಿದದ್ದನ್ನು ವಾಪಸ್ ಕಳಿಸುತ್ತದೆ. ಪೈರಾಕ್ಸೀನ್ ಎಂಬ ಖನಿಜ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ, 0.9 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ತರಂಗದ ಹತ್ತಿರ, ದೊಡ್ಡ ಹಳ್ಳ ತೋಡುತ್ತದೆ, ಅಂದರೆ ಅಲ್ಲಿನ ಬೆಳಕನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ವೆಸ್ಟಾದ ಬೆಳಕಿನಲ್ಲಿ ಆ ಹಳ್ಳ ಇತ್ತು. ಪ್ರಯೋಗಾಲಯದಲ್ಲಿ ಯೂಕ್ರೈಟ್ ಕಲ್ಲಿನ ಮೇಲೆ ಬೆಳಕು ಬಿಟ್ಟು ನೋಡಿದರೆ ಅಲ್ಲೂ ಅದೇ ಹಳ್ಳ, ಅದೇ ಆಕಾರ. ಬೇರೆ ಯಾವ ದೊಡ್ಡ ಕ್ಷುದ್ರಗ್ರಹವೂ ಇಷ್ಟು ಚೆನ್ನಾಗಿ ಹೊಂದಲಿಲ್ಲ.

ಇಷ್ಟು ಸಾಕಲ್ವಾ ಅಂತ ಅನಿಸಬಹುದು. ಆದರೆ ಎಲ್ಲರೂ ಒಪ್ಪಲಿಲ್ಲ. ಅವರ ಆಕ್ಷೇಪ ತಳ್ಳಿಹಾಕುವಂಥದ್ದೂ ಆಗಿರಲಿಲ್ಲ. ಅದು ದಾರಿಯ ಬಗ್ಗೆ.

ವೆಸ್ಟಾ ಸೂರ್ಯನಿಂದ ಸರಾಸರಿ 35 ಕೋಟಿ ಕಿಲೋಮೀಟರ್ ದೂರದಲ್ಲಿ ನೆಮ್ಮದಿಯಾಗಿ ಸುತ್ತುತ್ತಿದೆ. ಅದರಿಂದ ಒಂದು ಚೂರು ಸಿಡಿದರೆ ಆ ಚೂರೂ ಹೆಚ್ಚುಕಮ್ಮಿ ಅದೇ ಹಾದಿಯಲ್ಲಿ ಸುತ್ತುತ್ತದೆ. ಭೂಮಿಯ ಕಡೆ ಸುಮ್ನೆ ಬರುವುದಿಲ್ಲ. ಬರಬೇಕಾದರೆ ಯಾರಾದರೂ ಅದರ ಹಾದಿಯನ್ನು ಎಳೆದು ಉದ್ದ ಮಾಡಬೇಕು. ಆ ಕೆಲಸ ಮಾಡುವವನು ಗುರು. ಸೂರ್ಯನಿಂದ ಸುಮಾರು 37.5 ಕೋಟಿ ಕಿಲೋಮೀಟರ್ ದೂರದಲ್ಲಿ ಒಂದು ವಿಚಿತ್ರ ಜಾಗ ಇದೆ. ಅಲ್ಲಿರುವ ಕಲ್ಲು ಸೂರ್ಯನನ್ನು ಮೂರು ಸುತ್ತು ಹಾಕುವಷ್ಟರಲ್ಲಿ ಗುರು ಸರಿಯಾಗಿ ಒಂದು ಸುತ್ತು ಮುಗಿಸಿರುತ್ತಾನೆ. ಹಾಗಾಗಿ ಗುರುವಿನ ಎಳೆತ ಪ್ರತಿ ಸಲ ಅದೇ ಲೆಕ್ಕದಲ್ಲಿ ಬೀಳುತ್ತದೆ. ಸಣ್ಣ ಎಳೆತವೇ, ಆದರೆ ಒಂದರ ಮೇಲೊಂದು ಸೇರುತ್ತಾ ಹೋಗುತ್ತದೆ. ಕಲ್ಲಿನ ಹಾದಿ ಉದ್ದುದ್ದ ಆಗಿ ಕೊನೆಗೆ ಮಂಗಳನ ಹಾದಿಯನ್ನೂ ಭೂಮಿಯ ಹಾದಿಯನ್ನೂ ಅಡ್ಡ ಹಾಯುತ್ತದೆ. ಅದಕ್ಕೇ ಆ ದೂರದಲ್ಲಿ ಕ್ಷುದ್ರಗ್ರಹಗಳು ಹೆಚ್ಚುಕಮ್ಮಿ ಇಲ್ಲವೇ ಇಲ್ಲ. 19ನೇ ಶತಮಾನದಲ್ಲಿ ಅಮೆರಿಕದ ಖಗೋಳವಿಜ್ಞಾನಿ ಡೇನಿಯಲ್ ಕರ್ಕ್‌ವುಡ್ ಗಮನಿಸಿದ ಖಾಲಿ ಜಾಗಗಳಲ್ಲಿ ಇದೂ ಒಂದು.

ಪಟ್ಟಿಯಿಂದ ಭೂಮಿಗೆ ಇದು ಒಂದು ಮುಖ್ಯ ದಾರಿ. ಆದರೆ ವೆಸ್ಟಾ ಈ ದಾರಿಯ ಪಕ್ಕದಲ್ಲಿಲ್ಲ. ಸಿಡಿದ ಚೂರು ಅಲ್ಲಿಯವರೆಗೆ ಹೋಗಬೇಕಾದರೆ ಭಾರೀ ವೇಗ ಬೇಕು. ಅಷ್ಟು ವೇಗ ಕೊಡುವ ಹೊಡೆತಕ್ಕೆ ಕಲ್ಲು ಪುಡಿಯಾಗದೇ ಉಳಿಯುತ್ತದಾ? ಇಪ್ಪತ್ತಕ್ಕೂ ಹೆಚ್ಚು ವರ್ಷ ಈ ಪ್ರಶ್ನೆ ಹಾಗೇ ಉಳಿಯಿತು. ಬಣ್ಣ ಹೊಂದುತ್ತದೆ, ಆದರೆ ದಾರಿ ಇಲ್ಲ. ಇಂಥ ಕಡೆ ಅವಸರಪಟ್ಟು 'ಗೊತ್ತಾಯಿತು' ಅಂದುಬಿಡದ ಆ ತಾಳ್ಮೆ ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ.

1993ರಲ್ಲಿ ರಿಚರ್ಡ್ ಬಿನ್ಜೆಲ್ ಮತ್ತು ಶುಯ್ ಶು ಎಂಬ ವಿಜ್ಞಾನಿಗಳು ಗಂಟು ಬಿಡಿಸಿದರು. ಅವರು ವೆಸ್ಟಾವನ್ನು ಬಿಟ್ಟು ಅದರ ಸುತ್ತಮುತ್ತಲಿನ ಸಣ್ಣ ಕ್ಷುದ್ರಗ್ರಹಗಳ ಬೆಳಕನ್ನು ಅಳೆದರು. ಹತ್ತು ಕಿಲೋಮೀಟರ್‌ಗಿಂತ ಚಿಕ್ಕವು, ಅಳೆಯಲು ಕಷ್ಟವಾದವು. ಅವುಗಳಲ್ಲಿ 20 ಕಾಯಗಳಿಗೆ ವೆಸ್ಟಾದ್ದೇ ಬಣ್ಣ. ಅವು ಹರಡಿರುವ ಜಾಗ ಇನ್ನೂ ಮುಖ್ಯ. ಕೆಲವು ವೆಸ್ಟಾ ಹತ್ತಿರ, ಕೆಲವು ಇನ್ನೂ ಆಚೆ, ಹೀಗೆ ಸಾಲಾಗಿ ಗುರುವಿನ ಆ ವಿಚಿತ್ರ ಜಾಗದ ಅಂಚಿನವರೆಗೂ ಇದ್ದವು. ಅಂದರೆ ವೆಸ್ಟಾದಿಂದ ಹಿಂದೊಮ್ಮೆ ಕಿಲೋಮೀಟರ್‌ಗಟ್ಟಲೆ ದಪ್ಪದ ತುಂಡುಗಳು ಎದ್ದು ಹೋಗಿವೆ. ಆ ತುಂಡುಗಳೇ ಮಧ್ಯದ ನಿಲ್ದಾಣಗಳು. ಅವುಗಳಿಂದ ಆಮೇಲೆ ಸಿಡಿದ ಸಣ್ಣ ಚೂರುಗಳಿಗೆ ಗುರುವಿನ ದಾರಿ ಪಕ್ಕದಲ್ಲೇ.

ಇದಕ್ಕೆ ಇನ್ನೊಂದು ಬೆಂಬಲ ಕಲ್ಲಿನೊಳಗೇ ಇದೆ. ಚಿಕ್ಕ ಕಲ್ಲೊಂದು ಬಾಹ್ಯಾಕಾಶದಲ್ಲಿ ತೆರೆದುಕೊಂಡು ತಿರುಗುತ್ತಿದ್ದರೆ ವಿಶ್ವಕಿರಣಗಳು ಅದನ್ನು ಹೊಡೆದು ಹೊಸ ಪರಮಾಣುಗಳನ್ನು ಮಾಡುತ್ತಾ ಇರುತ್ತವೆ. ಅವನ್ನು ಎಣಿಸಿದರೆ ಆ ಕಲ್ಲು ಎಷ್ಟು ಕಾಲ ಒಂಟಿಯಾಗಿ ಅಲೆದಿದೆ ಎಂದು ಗೊತ್ತಾಗುತ್ತದೆ. ಈ ಕಲ್ಲುಗಳ ಅಲೆದಾಟ ಸಾಮಾನ್ಯವಾಗಿ ಕೆಲವು ಕೋಟಿ ವರ್ಷ. ತಾಯಿಯಿಂದ ದೊಡ್ಡ ತುಂಡು ಬೇರೆಯಾದದ್ದು ಅದಕ್ಕಿಂತ ಬಹಳ ಹಿಂದೆ. ಹೀಗೆ ಎರಡು ಹಂತದ ಪ್ರಯಾಣ ಎನ್ನುವುದು ಲೆಕ್ಕಕ್ಕೆ ಕೂರುತ್ತದೆ.

ಅಷ್ಟು ದೊಡ್ಡ ತುಂಡುಗಳು ಎದ್ದಿದ್ದರೆ ವೆಸ್ಟಾದ ಮೈಮೇಲೆ ಗಾಯ ಇರಬೇಕಲ್ವಾ? ಇತ್ತು. 1996ರಲ್ಲಿ ಹಬಲ್ ದೂರದರ್ಶಕ ತೆಗೆದ ಚಿತ್ರಗಳಲ್ಲಿ ದಕ್ಷಿಣ ಧ್ರುವದ ಬಳಿ ಭಾರೀ ಕುಳಿಯೊಂದು ಕಂಡಿತು. ಆಮೇಲೆ ನಾಸಾದ ಡಾನ್ ನೌಕೆ ಹತ್ತಿರದಿಂದಲೇ ನೋಡಿಬಂತು. ಡಾನ್ ಹೊರಟದ್ದು 2007ರ ಸೆಪ್ಟೆಂಬರ್ 27ರಂದು. ಕ್ಸೆನಾನ್ ಅನಿಲದ ಅಯಾನುಗಳನ್ನು ಹಿಂದಕ್ಕೆ ಉಗುಳಿ ಮುಂದೆ ಹೋಗುವ ಎಂಜಿನ್ ಅದರದ್ದು. ನೂಕು ತೀರಾ ಕಡಿಮೆ, ಆದರೆ ತಿಂಗಳುಗಟ್ಟಲೆ ನಿಲ್ಲದೇ ನೂಕುತ್ತದೆ. 2011ರ ಜುಲೈಯಲ್ಲಿ ವೆಸ್ಟಾದ ಕಕ್ಷೆಗೆ ಸೇರಿತು. ಒಂದು ಹಂತದಲ್ಲಿ ಬರೀ 210 ಕಿಲೋಮೀಟರ್ ಎತ್ತರದಿಂದ ಸುತ್ತಿತು. 2012ರ ಸೆಪ್ಟೆಂಬರ್‌ನಲ್ಲಿ ಅಲ್ಲಿಂದ ಹೊರಟು 2015ರಲ್ಲಿ ಸೀರೀಸ್ ತಲುಪಿತು. ಭೂಮಿಯ ಆಚೆ ಎರಡು ಕಾಯಗಳ ಸುತ್ತ ಕಕ್ಷೆಯಲ್ಲಿ ಸುತ್ತಿದ ಮೊದಲ ನೌಕೆ ಅದು.

ದಕ್ಷಿಣದ ಆ ಕುಳಿಗೆ ಈಗ ರಿಯಾಸಿಲ್ವಿಯಾ ಎಂದು ಹೆಸರು. ಅಗಲ ಸುಮಾರು 500 ಕಿಲೋಮೀಟರ್. ಇಡೀ ವೆಸ್ಟಾದ ಸರಾಸರಿ ಅಗಲವೇ 525 ಕಿಲೋಮೀಟರ್ ಎಂದು ನೆನಪಿಟ್ಟುಕೊಂಡು ಇದನ್ನು ಓದಬೇಕು. ಇಷ್ಟು ಹೊಡೆತ ತಿಂದೂ ವೆಸ್ಟಾ ಒಡೆದು ಚೂರಾಗಲಿಲ್ಲ. ಕುಳಿಯ ನಡುವೆ 20 ಕಿಲೋಮೀಟರ್‌ಗೂ ಎತ್ತರದ ಪರ್ವತ ನಿಂತಿದೆ. ಹೊಡೆತಕ್ಕೆ ಒಳಗಿನ ಕಲ್ಲು ಮೇಲಕ್ಕೆ ಪುಟಿದು ಹಾಗೇ ನಿಂತದ್ದು ಅದು. ಎತ್ತರದಲ್ಲಿ ಮಂಗಳದ ಮೇಲಿನ ಭಾರೀ ಜ್ವಾಲಾಮುಖಿ ಒಲಿಂಪಸ್ ಮಾನ್ಸ್‌ಗೆ ಸರಿಸಾಟಿ. ರಿಯಾಸಿಲ್ವಿಯಾದ ಕೆಳಗೆ ಇನ್ನೊಂದು ಹಳೆಯ ಕುಳಿ ಇದೆ, ವೆನೆನೇಯಾ, ಸುಮಾರು 400 ಕಿಲೋಮೀಟರ್. ಕುಳಿಗಳ ಮೇಲೆ ಬಿದ್ದ ಸಣ್ಣ ಕುಳಿಗಳನ್ನು ಎಣಿಸಿ ವಯಸ್ಸು ಅಂದಾಜು ಮಾಡುತ್ತಾರೆ. ಹಾಗೆ ನೋಡಿದರೆ ರಿಯಾಸಿಲ್ವಿಯಾಗೆ ಸುಮಾರು 100 ಕೋಟಿ ವರ್ಷ, ವೆನೆನೇಯಾಗೆ ಸುಮಾರು 200 ಕೋಟಿ. ದಕ್ಷಿಣದಲ್ಲಿ ಬಿದ್ದ ಏಟಿನ ಕಂಪನ ಇಡೀ ಕಾಯದಲ್ಲಿ ಹರಡಿದೆ. ಸಮಭಾಜಕದ ಸುತ್ತ ನೂರಾರು ಕಿಲೋಮೀಟರ್ ಉದ್ದದ ಕಂದಕಗಳು ಸಾಲಾಗಿ ಬಿರುಕುಬಿಟ್ಟು ನಿಂತಿವೆ.

ಡಾನ್‌ನ ಉಪಕರಣಗಳು ಮೇಲ್ಮೈಯ ಕಬ್ಬಿಣ, ಸಿಲಿಕಾನ್, ಆಮ್ಲಜನಕಗಳ ಪ್ರಮಾಣವನ್ನೂ ಅಳೆದವು. ನಮ್ಮ ಕೈಯಲ್ಲಿರುವ ಉಲ್ಕಾಶಿಲೆಗಳ ಪ್ರಮಾಣಕ್ಕೆ ಅದು ಹೊಂದಿತು. ಡಯೋಜೆನೈಟ್ ಥರದ ಆಳದ ಕಲ್ಲು ಎಲ್ಲಿ ಹೆಚ್ಚು ಕಂಡಿತು ಗೊತ್ತಾ? ರಿಯಾಸಿಲ್ವಿಯಾ ಕುಳಿಯೊಳಗೆ. ಅಲ್ಲಿ ಮೇಲಿನ ಪದರ ಕಿತ್ತುಹೋಗಿದೆ, ಒಳಗಿನದ್ದು ಕಾಣುತ್ತಿದೆ. ಬಣ್ಣ, ಆಮ್ಲಜನಕ, ನಡುದಾರಿಯ ತುಂಡುಗಳು, ಗಾಯದ ಗುರುತು, ಈಗ ಹತ್ತಿರದಿಂದ ಅಳೆದ ಧಾತುಗಳು. ಹುಡುಗಿ ಕೇಳಿದ ಅಡ್ರೆಸ್ ಹೀಗೆ ಒಂದೊಂದು ಸಾಲಾಗಿ, 40 ವರ್ಷಗಳಲ್ಲಿ ಓದಿದ್ದು.

ಇನ್ನೊಂದು ಪ್ರಶ್ನೆ ಉಳಿಯಿತು. ನನ್ನ ಮಟ್ಟಿಗೆ ಇದೇ ಈ ಕಥೆಯ ಸೊಗಸಾದ ಭಾಗ. ಬರೀ 525 ಕಿಲೋಮೀಟರ್‌ನ ಕಲ್ಲುಂಡೆ ಕರಗಿದ್ದಾದರೂ ಹೇಗೆ?

ಒಲೆಯಿಂದ ಇಳಿಸಿದ ದೊಡ್ಡ ಪಾತ್ರೆಯ ಸಾರು ಗಂಟೆಗಟ್ಟಲೆ ಬಿಸಿ ಇರುತ್ತದೆ, ಅದರಿಂದ ಲೋಟಕ್ಕೆ ಬಗ್ಗಿಸಿಕೊಂಡದ್ದು ಬೇಗ ಆರುತ್ತದೆ. ಚಿಕ್ಕ ವಸ್ತುವಿಗೆ ಒಳಗಿನ ಗಾತ್ರಕ್ಕೆ ಹೋಲಿಸಿದರೆ ಹೊರಮೈ ಜಾಸ್ತಿ, ಶಾಖ ಬೇಗ ಸೋರಿಹೋಗುತ್ತದೆ. ಭೂಮಿಯೊಳಗೆ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಕ್ಷಯಿಸಿ ಶಾಖ ಕೊಡುತ್ತವೆ. ಆದರೆ ಅವು ಬಹಳ ನಿಧಾನ, ನೂರಾರು ಕೋಟಿ ವರ್ಷದ ಲೆಕ್ಕ. ವೆಸ್ಟಾದಂಥ ಚಿಕ್ಕ ಕಾಯದಲ್ಲಿ ಅವು ಕೊಡುವಷ್ಟರಲ್ಲೇ ಶಾಖ ಹೊರಗೆ ಹೋಗಿರುತ್ತದೆ. ಕಲ್ಲು ಕರಗಬೇಕಾದರೆ ಕೆಲವೇ ಲಕ್ಷ ವರ್ಷಗಳಲ್ಲಿ ಶಾಖವನ್ನೆಲ್ಲ ಒಮ್ಮೆಗೇ ಸುರಿಯುವ ಇಂಧನ ಬೇಕು.

ಅಂಥ ಇಂಧನ ಅಲ್ಯೂಮಿನಿಯಂ-26 ಇರಬಹುದು ಎಂಬ ಊಹೆ ಹಳೆಯದು. ನಮ್ಮ ಅಡುಗೆಮನೆಯ ಅಲ್ಯೂಮಿನಿಯಂ 27, ಅದು ಸ್ಥಿರ. 26 ಅಸ್ಥಿರ. ಸುಮಾರು 7 ಲಕ್ಷ ವರ್ಷಗಳಲ್ಲಿ ಅದರ ಅರ್ಧ ಭಾಗ ಕ್ಷಯಿಸಿ ಮೆಗ್ನೀಸಿಯಂ-26 ಆಗುತ್ತದೆ, ಜೊತೆಗೆ ಶಾಖ ಬಿಡುತ್ತದೆ. ಸೌರವ್ಯೂಹ ಹುಟ್ಟಿದಾಗ ಇದ್ದ ಅಲ್ಯೂಮಿನಿಯಂ-26 ಈಗ ಒಂದು ಪರಮಾಣುವೂ ಉಳಿದಿಲ್ಲ. ಉಳಿಯದ್ದನ್ನು ಇತ್ತು ಎಂದು ತೋರಿಸುವುದು ಹೇಗೆ?

ಅದನ್ನು ತೋರಿಸಿದ್ದು ಅಹಮದಾಬಾದ್‌ನ ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿಯವರು, ಪಿಪ್ಲಿಯಾ ಕಲಾನ್ ಕಲ್ಲಿನಿಂದಲೇ. ಜಿ. ಶ್ರೀನಿವಾಸನ್, ಜೆ. ಎನ್. ಗೋಸ್ವಾಮಿ, ಎನ್. ಭಂಡಾರಿ. ಕಲ್ಲು ಬಿದ್ದು ಮೂರೇ ವರ್ಷ, 1999ರಲ್ಲಿ ಅವರ ಫಲಿತಾಂಶ ಬಂತು. ಅವರು ನೋಡಿದ್ದು ಕಲ್ಲಿನೊಳಗಿನ ಪ್ಲೇಜಿಯೊಕ್ಲೇಸ್ ಎಂಬ ಬಿಳಿ ಹರಳುಗಳನ್ನು. ಆ ಹರಳಲ್ಲಿ ಅಲ್ಯೂಮಿನಿಯಂ ಜಾಸ್ತಿ, ಮೆಗ್ನೀಸಿಯಂ ತೀರಾ ಕಡಿಮೆ. ಹರಳು ಗಟ್ಟಿಯಾದಾಗ ಅಲ್ಯೂಮಿನಿಯಂ-26 ಜೀವಂತ ಇದ್ದಿದ್ದರೆ, ಅದು ಆಮೇಲೆ ಮೆಗ್ನೀಸಿಯಂ-26 ಆಗಿ ಅಲ್ಲೇ ಸಿಕ್ಕಿಹಾಕಿಕೊಂಡಿರಬೇಕು. ಇರಬೇಕಾದದ್ದಕ್ಕಿಂತ ಹೆಚ್ಚು ಮೆಗ್ನೀಸಿಯಂ-26 ಸಿಕ್ಕಿತು. ಇದರಿಂದ ಎರಡು ವಿಷಯ ಒಟ್ಟಿಗೆ ಹೊರಬಿದ್ದವು. ಒಂದು, ಆ ಇಂಧನ ನಿಜವಾಗಿಯೂ ಅಲ್ಲಿತ್ತು. ಎರಡು, ಸೌರವ್ಯೂಹದ ಮೊದಲ ಘನ ಕಣಗಳು ಹುಟ್ಟಿ ಸುಮಾರು 50 ಲಕ್ಷ ವರ್ಷಗಳೊಳಗೆ ಈ ಕಾಯ ಕೂಡಿಕೊಂಡು, ಕರಗಿ, ಲಾವಾ ಹರಿದು, ಗಟ್ಟಿಯೂ ಆಗಿತ್ತು. ಭೂಮಿ ಇನ್ನೂ ಪೂರ್ತಿ ಕಟ್ಟಿಕೊಂಡಿರದ ಕಾಲ ಅದು. ಈ ಮೂವರಲ್ಲಿ ಗೋಸ್ವಾಮಿ ಅವರು ಮುಂದೆ ಚಂದ್ರಯಾನ-1ರ ಪ್ರಧಾನ ವಿಜ್ಞಾನಿ ಆದರು. ಹಳ್ಳಿಯೊಂದರಲ್ಲಿ ಬಿದ್ದ ಕಲ್ಲನ್ನು ನಮ್ಮವರೇ ತಂದು, ನಮ್ಮ ಪ್ರಯೋಗಾಲಯದಲ್ಲೇ ಅಳೆದು, ಇಡೀ ಸೌರವ್ಯೂಹಕ್ಕೆ ಸೇರಿದ ಪ್ರಶ್ನೆಗೆ ಉತ್ತರ ಕೊಟ್ಟದ್ದು ನಮ್ಮ ಶಾಲೆಯ ಪುಸ್ತಕಗಳಲ್ಲಿ ಬರಬೇಕು ಎಂದು ನನಗೆ ಮನಸಾರೆ ಅನಿಸುತ್ತದೆ.

ಕಲ್ಲು ಕರಗಿದರೆ ಮುಂದೆ ಏನಾಗುತ್ತದೆ ಎನ್ನುವುದು ಸುಲಭ. ಭಾರದ ಕಬ್ಬಿಣ ಕೆಳಗಿಳಿದು ನಡುವೆ ತಿರುಳಾಗುತ್ತದೆ. ಅದರ ಮೇಲೆ ಆಲಿವೀನ್ ಎಂಬ ಹಸಿರು ಖನಿಜ ತುಂಬಿದ ದಪ್ಪ ಪದರ. ಎಲ್ಲಕ್ಕಿಂತ ಮೇಲೆ ಬಸಾಲ್ಟ್ ತೊಗಟೆ. ಭೂಮಿಯೂ ಹೀಗೇ. ಯೂಕ್ರೈಟ್‌ಗಳಲ್ಲಿ ಕಬ್ಬಿಣದ ಜೊತೆ ಹೋಗುವ ಲೋಹಗಳು ತೀರಾ ಕಡಿಮೆ, ಅಂದರೆ ಲೋಹ ಕೆಳಗೆ ಇಳಿದುಹೋಗಿತ್ತು. ಹಿಂದೆ ಅಂಟಾರ್ಕ್ಟಿಕಾದಲ್ಲಿ ಸಿಕ್ಕಿದ್ದ ಒಂದು ಯೂಕ್ರೈಟ್ ಅನ್ನು 2012ರಲ್ಲಿ ಅಳೆದಾಗ ಅದರಲ್ಲಿ ಹಳೆಯ ಕಾಂತತ್ವದ ಗುರುತು ಸಿಕ್ಕಿತು. ಕರಗಿದ ಲೋಹದ ತಿರುಳು ಒಮ್ಮೆ ಕಾಂತಕ್ಷೇತ್ರ ಹುಟ್ಟಿಸಿತ್ತು ಎನ್ನಲು ಅದು ಆಧಾರ. ಡಾನ್‌ನ ಗುರುತ್ವ ಮಾಪನದಿಂದ ತಿರುಳಿನ ಅಡ್ಡಗಲ ಸುಮಾರು 220 ಕಿಲೋಮೀಟರ್ ಎಂದು ಲೆಕ್ಕ ಹಾಕಿದರು. ಹೀಗೆ ವೆಸ್ಟಾ ಒಂದು ಗ್ರಹ ಆಗುವ ಹಾದಿಯಲ್ಲಿ ಅರ್ಧಕ್ಕೇ ನಿಂತ ಕಾಯ ಎಂಬ ಚಿತ್ರ ಗಟ್ಟಿಯಾಯಿತು.

ಆದರೆ ಒಂದು ಮುಳ್ಳು ಮೊದಲಿನಿಂದಲೂ ಚುಚ್ಚುತ್ತಿತ್ತು. ರಿಯಾಸಿಲ್ವಿಯಾದಷ್ಟು ದೊಡ್ಡ ಕುಳಿ ತೊಗಟೆಯನ್ನು ಸೀಳಿಕೊಂಡು ಕೆಳಗಿನ ಪದರವನ್ನು ತೋರಿಸಬೇಕು. ಅಲ್ಲಿ ಆಲಿವೀನ್ ಹೇರಳವಾಗಿ ಕಾಣಬೇಕಿತ್ತು. ಕಾಣಲಿಲ್ಲ. 2013ರಲ್ಲಿ ಆಲಿವೀನ್ ಸಿಕ್ಕಿತು, ಆದರೆ ಯಾರೂ ಎದುರುನೋಡದ ಜಾಗದಲ್ಲಿ, ಉತ್ತರಾರ್ಧದ ಎರಡು ಸಣ್ಣ ಕುಳಿಗಳ ಬಳಿ.

2025ರಲ್ಲಿ ಈ ಮುಳ್ಳು ದೊಡ್ಡದಾಯಿತು. ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ರಯಾನ್ ಪಾರ್ಕ್ ಮತ್ತು ಸಂಗಡಿಗರು ಡಾನ್‌ನ ಹಳೆಯ ರೇಡಿಯೋ ಸಂಕೇತಗಳನ್ನೂ ಚಿತ್ರಗಳನ್ನೂ ಹೊಸ ವಿಧಾನದಿಂದ ಮತ್ತೆ ಲೆಕ್ಕ ಹಾಕಿದರು. ಅವರು ಹುಡುಕಿದ್ದು ವೆಸ್ಟಾ ತಿರುಗುವಾಗ ಅದರ ಅಕ್ಷ ಎಷ್ಟು ಓಲಾಡುತ್ತದೆ ಎಂದು. ಭಾರ ನಡುವೆಯೇ ಗುಡ್ಡೆಯಾಗಿದ್ದರೆ ಓಲಾಟ ಒಂದು ಥರ, ಒಳಗೆಲ್ಲ ಸಮವಾಗಿ ಹರಡಿದ್ದರೆ ಇನ್ನೊಂದು ಥರ. ಸಿಕ್ಕಿದ ಉತ್ತರ ಎರಡನೆಯದಕ್ಕೆ ಹತ್ತಿರ. ತೊಗಟೆಯ ಕೆಳಗೆ ಸಾಂದ್ರತೆಯಲ್ಲಿ ಅಷ್ಟಾಗಿ ವ್ಯತ್ಯಾಸ ಇಲ್ಲ. ಅಂದುಕೊಂಡಷ್ಟು ದೊಡ್ಡ ಕಬ್ಬಿಣದ ತಿರುಳಿಗೆ ಜಾಗವೇ ಇಲ್ಲ.

ಇದಕ್ಕೆ ಅವರು ಎರಡು ವಿವರಣೆ ಇಟ್ಟಿದ್ದಾರೆ. ಮೊದಲನೆಯದು, ವೆಸ್ಟಾ ಕರಗಲು ಶುರುಮಾಡಿ ಪೂರ್ತಿ ಮಾಡಲಿಲ್ಲ. ಸ್ವಲ್ಪ ತಡವಾಗಿ ಕೂಡಿಕೊಂಡಿದ್ದರೆ ಅಲ್ಯೂಮಿನಿಯಂ-26 ಆಗಲೇ ಅರ್ಧಕ್ಕರ್ಧ ಖಾಲಿಯಾಗಿರುತ್ತಿತ್ತು, ಶಾಖ ಸಾಲದೇ ಬಂದಿರುತ್ತಿತ್ತು. ಎರಡನೆಯದು ಮೈ ನವಿರೇಳಿಸುವಂಥದ್ದು. ವೆಸ್ಟಾ ತಾನೇ ಒಂದು ಚೂರು. ಹಿಂದೆ ಇದಕ್ಕಿಂತ ದೊಡ್ಡ, ಪೂರ್ತಿ ಪದರಪದರವಾದ ಕಾಯವೊಂದು ಭಾರೀ ಡಿಕ್ಕಿಯಲ್ಲಿ ಒಡೆಯಿತು. ಅದರ ಹೊರಭಾಗದ ಸಾಮಾನು ಒಟ್ಟುಗೂಡಿ ವೆಸ್ಟಾ ಆಯಿತು.

ಇದರಿಂದ ಪಿಪ್ಲಿಯಾ ಕಲಾನ್ ಕಲ್ಲಿನ ಅಡ್ರೆಸ್ ಸುಳ್ಳಾಗುವುದಿಲ್ಲ. ಅದು ವೆಸ್ಟಾದಿಂದ ಬಂದದ್ದು ಎನ್ನುವ ಸಾಕ್ಷಿಗಳು ಅಲುಗಿಲ್ಲ. ಅದರ ಲಾವಾ ಹರಿದದ್ದು ಎಲ್ಲಿ ಎನ್ನುವುದು ಮಾತ್ರ ಮತ್ತೆ ತೆರೆದುಕೊಂಡಿದೆ: ಈಗಿನ ವೆಸ್ಟಾದ ಮೇಲೋ, ವೆಸ್ಟಾಕ್ಕೂ ಹಿಂದಿನ ಇನ್ನೊಂದು ಕಾಯದ ಮೇಲೋ?

ನನಗೆ ಎರಡನೆಯ ವಿವರಣೆಯ ಕಡೆ ಮನಸ್ಸು ವಾಲುತ್ತದೆ. ಕಾರಣ ಆ ಕಲ್ಲುಗಳೇ. ಲೋಹ ಇಳಿದುಹೋಗಿದೆ ಎಂದು ಅವು ಸ್ಪಷ್ಟವಾಗಿ ಹೇಳುತ್ತಿವೆ. ಅರ್ಧಂಬರ್ಧ ಕರಗಿದ ಕಾಯದಲ್ಲಿ ಲೋಹ ಅಷ್ಟು ಚೆನ್ನಾಗಿ ಬೇರೆಯಾಗುವುದು ಕಷ್ಟ. ಇಳಿದ ಲೋಹ ವೆಸ್ಟಾದ ನಡುವೆ ಇಲ್ಲದಿದ್ದರೆ ಬೇರೆ ಯಾವುದೋ ಕಾಯದ ನಡುವೆ ಇದ್ದಿರಬೇಕು. ಆದರೆ ಈ ವಾದಕ್ಕೂ ತೊಂದರೆ ಇದೆ. ಒಡೆದ ಕಾಯದ ಚೂರುಗಳು ಮತ್ತೆ ಸೇರುವಾಗ ಪದರಗಳೆಲ್ಲ ಕಲಸಿಹೋಗಬೇಕಿತ್ತು. ಆದರೆ ರಿಯಾಸಿಲ್ವಿಯಾದೊಳಗೆ ಆಳದ ಕಲ್ಲು, ಅದರ ಹೊರಗೆ ಮೇಲಿನ ಕಲ್ಲು, ಹೀಗೆ ಒಂದು ಕ್ರಮ ಕಾಣುತ್ತಿದೆ. ಆ ಕ್ರಮ ಹೇಗೆ ಉಳಿಯಿತು ಎಂದು ಎರಡನೆಯ ವಿವರಣೆ ಹೇಳಬೇಕಾಗುತ್ತದೆ. ತೀರ್ಮಾನ ಆಗಬೇಕಾದರೆ ಮತ್ತೆ ಅಲ್ಲಿಗೆ ಹೋಗಬೇಕು. ಈ ಸಲ ಸುತ್ತು ಹೊಡೆದು ಬಂದರೆ ಸಾಲದು, ಇಳಿದು ಕಂಪನಮಾಪಕ ಇಟ್ಟು ಒಳಗಿನ ಪದರಗಳನ್ನು ನೇರವಾಗಿ ಅಳೆಯಬೇಕು. ಅದಕ್ಕೂ ಮೊದಲು 2023ರ ಅಕ್ಟೋಬರ್‌ನಲ್ಲಿ ಹೊರಟ ಸೈಕಿ ನೌಕೆ 2029ರಲ್ಲಿ ಅದೇ ಪಟ್ಟಿಯ ಸೈಕಿ ಎಂಬ ಕ್ಷುದ್ರಗ್ರಹವನ್ನು ತಲುಪಲಿದೆ. ಅದರಲ್ಲಿ ಲೋಹ ಹೆಚ್ಚಾಗಿದೆ. ಒಡೆದ ಕಾಯವೊಂದರ ಬರಿದಾದ ತಿರುಳು ಅದಿರಬಹುದೇ ಎನ್ನುವುದು ಆ ನೌಕೆ ಹುಡುಕಹೊರಟ ಮುಖ್ಯ ಪ್ರಶ್ನೆ.